ಚೀಟಿಯಿಲ್ಲದ ಮೂಳೆಗಳು

“ಹಾಗೆ ಎಳೀಬೇಡ ಮಾಮ, ತೋಳು ಕಿತ್ತು ಬರುತ್ತೆ!” ಎಂದು ಮಗಳು ಕೂಗಿದಳು.

ಲಾರಿ ಡ್ರೈವರ್ ಕೈಬಿಟ್ಟ. ಅವನು ಎಳೆಯುತ್ತಿದ್ದುದು ಬಿಳಿ ಅಂಗಿಯ ತೋಳನ್ನು. ಅದು ಸತ್ತ ಭಾವನ ಮೊಳಕೈಗೆ ಬಂದು ಸಿಕ್ಕಿಕೊಂಡಿತ್ತು. ಎರಡು ದಿನ ಶವಾಗಾರದಲ್ಲಿದ್ದು, ಪೋಸ್ಟ್‌ಮಾರ್ಟಂ ಮುಗಿಸಿಕೊಂಡು ಬೆಳಿಗ್ಗೆ ಮನೆಗೆ ಬಂದಿದ್ದ ದೇಹ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

“ಬದುಕಿದ್ದಾಗಲೂ ಹೊಸ ಅಂಗಿ ಅಂದ್ರೆ ಇದೇ ಮೊಂಡಾಟ,” ಎಂದ ಡ್ರೈವರ್. ನಗಿಸಲು ಹೋಗಿ ತಾನೇ ಅತ್ತುಬಿಟ್ಟ.

ಗೋಡೆಗೆ ಒರಗಿ ನಿಂತಿದ್ದ ವಿದ್ಯಾರ್ಥಿ ಬಾಯಿ ತೆರೆದ. “ಅಂಗಿಯ ಬೆನ್ನು ಸೀಳಿಬಿಡಿ ಅಕ್ಕ. ಮುಂದಿನಿಂದ ತೊಡಿಸಿ ಅಂಚು ಬೆನ್ನಡಿಗೆ ಸೇರಿಸಿದ್ರೆ ಗೊತ್ತಾಗಲ್ಲ. ದೊಡ್ಡಪ್ಪಾನೇ ಹೇಳಿಕೊಟ್ಟಿದ್ದು.”

ಮಗಳು ದರ್ಜಿ. ಅಪ್ಪನಿಗೆಂದು ತಾನೇ ಹೊಲಿದ ಅಂಗಿ ಅದು. ಅವನನ್ನೊಮ್ಮೆ ನೋಡಿ, ಕತ್ತರಿ ತಂದು, ಕಾಲರಿನಿಂದ ಅಂಚಿನವರೆಗೆ ಒಂದೇ ಸಮನೆ ಕತ್ತರಿಸಿದಳು.

“ನೀವೂ ಒಂದು ಕೈ ಹಿಡೀರಿ,” ಎಂದಳು.

ವಿದ್ಯಾರ್ಥಿಯೂ ಹಿಡಿಯಲೇಬೇಕಾಯಿತು. ಅಂಗೈಯಡಿ ಮುರಿದ ಪಕ್ಕೆಲುಬುಗಳು ಜರುಗಿದವು. ನಾಲ್ಕು, ಐದು, ಆರು, ಏಳು. ಬೇಡವೆಂದರೂ ಮನಸ್ಸು ಲೆಕ್ಕ ಹಾಕುತ್ತಿತ್ತು. ಎಡ ಕೊರಳೆಲುಬು ಎರಡು ತುಂಡು. ಬಲ ಮುಂಗೈಯ ಒಳಮೂಳೆ ನಡುವೆ ಮುರಿದಿತ್ತು. ಹೊಡೆತ ತಡೆಯಲು ತಲೆಗೆ ಕೈ ಅಡ್ಡ ಹಿಡಿದವರಿಗೆ ಮುರಿಯುವ ಮೂಳೆ ಅದು. ಕೆನ್ನೆಯ ಒಂದು ಬದಿ ಒಳಗೆ ಕುಸಿದಿತ್ತು. ಅದರ ಮೇಲೆ ತಕ್ಕಡಿಯ ತೂಕದ ಬಟ್ಟಿನ ಅಂಚು ಅಚ್ಚಾಗಿ ಕೂತಿತ್ತು. ಈ ಎಲ್ಲ ಮೂಳೆಗಳ ಹೆಸರನ್ನೂ ಅವನಿಗೆ ಬಾಯಿಪಾಠ ಮಾಡಿಸಿದವನೇ ಈಗ ಚಾಪೆಯ ಮೇಲೆ ಮಲಗಿದ್ದ.

ಒಳಗಿನಿಂದ ಸತ್ತವನ ಹೆಂಡತಿ ಬಂದಳು. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು. “ನೀನೇ ಅಲ್ವೇನಪ್ಪಾ ಬಕೆಟ್ಟು? ಮನೇಲಿ ದಿನಾ ನಿನ್ನದೇ ಮಾತು. ಅವ್ರು ಕೆಲಸ ಮಾಡ್ತಿದ್ದ ಕಾಲೇಜಲ್ಲಿ ನೂರೈವತ್ತು ಮಕ್ಕಳು. ಬಂದೋನು ನೀನೊಬ್ಬನೇ.”

“ದೊಡ್ಡಮ್ಮ...” ಎಂದ.

“ಏನೂ ಹೇಳಬೇಡ. ಬಂದ್ಯಲ್ಲ, ಅಷ್ಟೇ ಸಾಕು.”

ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

*

ಐದು ತಿಂಗಳ ಹಿಂದೆ, ಮೊದಲ ವರ್ಷದ ಮೊದಲ ವಾರ, ವೈದ್ಯಕೀಯ ಕಾಲೇಜಿನ ಶವಚ್ಛೇದನದ ಹಾಲ್‌ನಲ್ಲಿ ಹನ್ನೆರಡು ಟೇಬಲುಗಳ ಮುಂದೆ ಮಕ್ಕಳೆಲ್ಲ ಬಿಳಿ ಕೋಟು ತೊಟ್ಟು ನಿಂತಿದ್ದರು. ಔಷಧದ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಮಕ್ಕಳೆಲ್ಲ ದೊಡ್ಡಪ್ಪ ಎನ್ನುತ್ತಿದ್ದ ಅಟೆಂಡರ್ ಮೂರನೆಯ ಟೇಬಲಿನ ಹೊದಿಕೆ ಸರಿಸಿದ್ದೇ ತಡ, ಈ ಹುಡುಗ ಮೂಲೆಗೆ ಓಡಿ, ನೆಲ ಒರೆಸುವ ಬಕೆಟ್ಟಿಗೆ ತಲೆ ಹಾಕಿದ. ಹತ್ತು ನಿಮಿಷ ಮೇಲೇಳಲಿಲ್ಲ.

“ಬಕೆಟ್ ಹಿಡಿದು ಪಾಸಾಗೋರನ್ನ ಬೇಕಾದಷ್ಟು ನೋಡಿದೀನಪ್ಪ,” ಎಂದ ಅಟೆಂಡರ್ ಅವನ ಬೆನ್ನು ನೀವುತ್ತ. “ಬಕೆಟ್ ತಬ್ಬಿಕೊಂಡು ಡಾಕ್ಟ್ರಾಗೋನು ನೀನೇ ಮೊದಲು.”

ಹೆಸರು ಅಲ್ಲೇ ಅಂಟಿತು. ಪ್ರತಿ ವರ್ಷ ಹೀಗೆ ಹತ್ತಿಪ್ಪತ್ತು ಮಕ್ಕಳಿಗೆ ಅವನೇ ಹೆಸರಿಡುತ್ತಿದ್ದ. ಆದರೆ ಟೇಬಲ್ ಮೇಲಿದ್ದವರಿಗೆ ಯಾರೂ ಹೆಸರಿಡುವಂತಿರಲಿಲ್ಲ. ಒಮ್ಮೆ ಒಬ್ಬ ದೊಡ್ಡ ಮನೆಯ ಹುಡುಗ ಹೆಣವೊಂದನ್ನು “ಬೋಳ” ಎಂದು ಕರೆದು ನಕ್ಕಾಗ, ಅಟೆಂಡರ್ ಹಿಂದೆಮುಂದೆ ನೋಡದೆ ಅವನ ಕೆನ್ನೆಗೆ ಬಾರಿಸಿದ್ದ. ಕೆಲಸ ಹೋಗುವುದರಲ್ಲಿತ್ತು. “ಹೋಗಲಿ ಬಿಡಿ ಮೇಡಂ,” ಎಂದು ವಿಭಾಗದ ಮುಖ್ಯಸ್ಥೆಗೆ ಹೇಳಿದ್ದನಂತೆ, “ಮುಂದೆ ಅಲ್ಲಿ ಮಲಗೋನು ನಾನೇ. ನನ್ನನ್ನ ಬೋಳ ಅಂದ್ರೆ ಎದ್ದು ಹೊಡೆಯೋಕಾಗುತ್ತಾ? ಈಗಲೇ ಹೊಡೆದಿಟ್ಟಿದೀನಿ.” ತನ್ನ ದೇಹವನ್ನು ಇದೇ ಹಾಲ್‌ಗೆ ಕೊಡುವೆನೆಂದು ಅವನು ಬರೆದುಕೊಟ್ಟು ಆಗಲೇ ಒಂಬತ್ತು ವರ್ಷವಾಗಿತ್ತು.

ಮೊದಲ ಪರೀಕ್ಷೆಯಲ್ಲಿ ಬಕೆಟ್ ಮಕಾಡೆ ಮಲಗಿದ. ಎಡ ತೊಡೆಮೂಳೆಯನ್ನು ಬಲದ್ದು ಎಂದ. ಮನೆಗೆ ಕೊಡುವ ಮೂಳೆಪೆಟ್ಟಿಗೆಗಳೆಲ್ಲ ಆಗಲೇ ಬೇರೆಯವರ ಪಾಲಾಗಿದ್ದವು. ಅಟೆಂಡರ್ ತನ್ನ ಕಪಾಟಿನಲ್ಲಿದ್ದ ಹಳೆಯ ಮೂಳೆಗಳನ್ನು ಒಂದು ಮರದ ಪೆಟ್ಟಿಗೆಗೆ ತುಂಬಿ, ರಿಜಿಸ್ಟರಿನಲ್ಲಿ ಬರೆಯದೆ ಅವನ ಕೈಗಿತ್ತ. ಜೊತೆಗೆ ತನ್ನ ಕೈಯಾರೆ ಬರೆದು, ವಿಭಾಗದ ಮೊಹರು ಒತ್ತಿದ ಒಂದು ಚೀಟಿ.

“ಇದನ್ನ ಮುಚ್ಚಳಕ್ಕೆ ಅಂಟಿಸು. ಚೀಟಿ ಇದ್ರೆ ಇದು ಪುಸ್ತಕ. ಚೀಟಿ ಇಲ್ದೆ ರಸ್ತೆಗೆ ಬಂದ್ರೆ ಹೆಣ. ತಿಳೀತಾ?”

“ತಿಳೀತು ದೊಡ್ಡಪ್ಪ.”

ತಿಳಿದಿರಲಿಲ್ಲ. ಹದಿನೆಂಟು ವರ್ಷದವನಿಗೆ ಸಾವಿಗಿಂತ ನಾಚಿಕೆಯೇ ದೊಡ್ಡದು.

*

ಶವದ ಗಾಡಿಯವನು ಬರುವುದಿಲ್ಲವೆಂದ. ಸಂತೆಬೀದಿಯಲ್ಲಿ ಜನ ಹೊಡೆದು ಕೊಂದ ಮೂಳೆಕಳ್ಳನ ಹೆಣ ಹೊತ್ತು, ಅದೇ ಬೀದಿಯಲ್ಲಿ ಗಾಡಿ ಓಡಿಸಲು ಅವನಿಗೇನು ಹುಚ್ಚೇ! ಕೊನೆಗೆ ಡ್ರೈವರ್ ತನ್ನ ಲಾರಿಯನ್ನೇ ತೊಳೆದು ತಂದ. ಹಿಂದೆ ಶವದ ಪೆಟ್ಟಿಗೆಯ ಸುತ್ತ ಇಪ್ಪತ್ತು ಜನ ಕೂತರು. ಮೂವತ್ತೊಂದು ವರ್ಷ ಒಂದೇ ಕಡೆ ದುಡಿದವನಿಗೆ ಇಪ್ಪತ್ತೇ ಜನ. ಉಳಿದ ನೆರೆಯವರು ಕಿಟಕಿಯಿಂದ ನೋಡಿದರು.

“ಮಕ್ಕಳನ್ನ ಕದೀತಿದ್ನಂತೆ ಅಂತಾರೆ ಕಣಮ್ಮ,” ಎಂದಳು ಲಾರಿಯಲ್ಲಿ ಕೂತಿದ್ದ ಪಕ್ಕದ ಮನೆಯವಳು. “ನಾನು ನಂಬಲ್ಲ. ಆದ್ರೆ ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ?”

“ನಂಬಲ್ಲ ಅಂದ್ಮೇಲೆ ನನಗ್ಯಾಕೆ ಹೇಳ್ತೀರಿ?” ಎಂದು ಮಗಳು ಸಿಡಿದಳು. “ಮೂಳೆ ಎಲ್ಲಿಂದ ಬಂತು ಅಂತ ಯಾರಾದ್ರೂ ಒಬ್ರು ಬಾಯಿಬಿಟ್ರೆ ಸಾಕು. ನಮ್ಮಪ್ಪ ಕಳ್ಳನಾಗಿ ಮಣ್ಣಿಗೆ ಹೋಗಬಾರದು.”

ಬಕೆಟ್ ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಲಾರಿ ಹಳ್ಳಕ್ಕಿಳಿದಾಗಲೆಲ್ಲ ಒಳಗಿನ ದೇಹ ಜರುಗಿ ಅವನ ಮೊಣಕಾಲ ಕಡೆಗೆ ಬಡಿಯುತ್ತಿತ್ತು.

*

ಮೊನ್ನೆ ಬೆಳಿಗ್ಗೆ ಮೌಖಿಕ ಪರೀಕ್ಷೆ. ಮೂಳೆಗಳನ್ನು ಹಿಂದಿರುಗಿಸುವ ದಿನವೂ ಅದೇ. ಪೆಟ್ಟಿಗೆ ಹೊತ್ತು ಬಸ್ ಹತ್ತಿದರೆ ಜನ ನೋಡುತ್ತಾರೆಂದು ಬಕೆಟ್ ಎಲ್ಲವನ್ನೂ ತರಕಾರಿ ಚೀಲಕ್ಕೆ ತುಂಬಿದ್ದ. ಮುಚ್ಚಳದಿಂದ ಕಿತ್ತ ಚೀಟಿ ಜೇಬಿನಲ್ಲಿತ್ತು. ನಿಲ್ದಾಣದಲ್ಲಿ ಅಟೆಂಡರ್ ಸಿಕ್ಕಿದ. ಅವನು ದಿನವೂ ಸಂತೆಬೀದಿಯ ಮೂಲಕ ನಡೆದೇ ಕೆಲಸಕ್ಕೆ ಹೋಗುತ್ತಿದ್ದ.

“ಥೂ, ಪೆಟ್ಟಿಗೆ ಎಲ್ಲೋ? ಬದನೆಕಾಯಿ ತಂದಂಗೆ ತಂದಿದ್ದೀಯಲ್ಲೋ! ತುಂಬಿದ ಬಸ್ಸಲ್ಲಿ ಒತ್ತಿದ್ರೆ ಪಕ್ಕೆಲುಬು ಪುಡಿಪುಡಿ ಆಗುತ್ತೆ. ಕೊಡಿಲ್ಲಿ, ನಾನು ನಡ್ಕೊಂಡು ತರ್ತೀನಿ. ನೀನು ಪರೀಕ್ಷೆಗೆ ಹೋಗು.”

ಚೀಲ ಕೈ ಬದಲಾಯಿಸಿತು. ಚೀಟಿ ಇಬ್ಬರಿಗೂ ನೆನಪಾಗಲಿಲ್ಲ.

ಅಟೆಂಡರ್ ರಸ್ತೆ ದಾಟಿ ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಚೀಲದ ಹಿಡಿ ಕಿತ್ತುಹೋಯಿತು. ತಲೆಬುರುಡೆ ಉರುಳಿ ಹಣ್ಣಿನ ಗಾಡಿಯ ಕೆಳಗೆ ಹೋಯಿತು. ಒಂದು ವಾರದಿಂದ ಊರಲ್ಲಿ ಒಂದು ಮಗು ಕಾಣೆಯಾಗಿತ್ತು. ಹೆಂಗಸೊಬ್ಬಳು ಚೀರಿದಳು. ಅಷ್ಟೇ ಸಾಕಾಯಿತು.

“ಕಾಲೇಜಿನದು ಕಣ್ರಪ್ಪ, ಮಕ್ಕಳು ಓದೋ ಮೂಳೆ!”

“ಕಾಗದ ತೋರ್ಸು! ಎಲ್ಲಿ ಕಾಗದ?”

ಅಟೆಂಡರ್ ಆಗ ತಲೆಯೆತ್ತಿ ರಸ್ತೆಯಾಚೆ ನೋಡಿದ. ನೇರವಾಗಿ ಬಕೆಟ್‌ನನ್ನೇ ನೋಡಿದ. ಬಕೆಟ್‌ನ ಕೈ ಜೇಬಿಗೆ ಹೋಯಿತು, ಬೆರಳಿಗೆ ಚೀಟಿ ಸಿಕ್ಕಿತು. ಕಾಲು ಮಾತ್ರ ಏಳಲಿಲ್ಲ. ಮೊದಲ ಏಟು ಬಾಯಿಗೆ ಬಿತ್ತು. ಎರಡನೆಯದು ತಕ್ಕಡಿಯ ಬಟ್ಟಿನಿಂದ, ಕೆನ್ನೆಗೆ. ಯಾರೋ ಅಂಗಡಿಯ ಬಾಗಿಲೆಳೆಯುವ ಕಬ್ಬಿಣದ ಸರಳು ತಂದರು. ಬಿದ್ದವನ ಎದೆಯ ಮೇಲೆ ಒಬ್ಬ ಎರಡೂ ಕಾಲಿಂದ ಹಾರಿದ. ಹಾರಿ, ಚಪ್ಪಲಿ ಸರಿಮಾಡಿಕೊಂಡು, ಮತ್ತೆ ಹಾರಿದ. ಗುಂಪಿನ ಕಾಲುಗಳ ಸಂದಿಯಿಂದ ಅಟೆಂಡರನ ಮುಖ ಇನ್ನೂ ಇತ್ತಲೇ ತಿರುಗಿತ್ತು. ಅವನು ಬೆರಳೆತ್ತಿ ತೋರಿಸಲಿಲ್ಲ. ತೋರಿಸಿದ್ದರೆ ಗುಂಪು ಇತ್ತ ನುಗ್ಗುತ್ತಿತ್ತು, ಅದು ಅವನಿಗೆ ಗೊತ್ತಿತ್ತು.

ಬಸ್ ಬಂದು ಮಧ್ಯೆ ನಿಂತಿತು. ಬಕೆಟ್ ಹತ್ತಿದ.

ಹತ್ತು ಗಂಟೆಗೆ ಪರೀಕ್ಷಕರು ಅವನ ಕೈಗೊಂದು ತಲೆಬುರುಡೆ ಕೊಟ್ಟರು. ಒಂದೊಂದು ರಂಧ್ರದ ಹೆಸರನ್ನೂ, ಅದರಲ್ಲಿ ಹಾಯುವ ನರದ ಹೆಸರನ್ನೂ ಅವನು ತಡವರಿಸದೆ ಹೇಳಿದ. ಆ ದಿನ ಒಂದು ತಪ್ಪನ್ನೂ ಮಾಡಲಿಲ್ಲ.

*

ಸ್ಮಶಾನದಲ್ಲಿ ಗುಂಡಿ ತೋಡಿ ಮುಗಿದಿತ್ತು. ಕಾರಿನಿಂದ ಹೆಡ್ ಮೇಡಂ ಇಳಿದರು. ಹಾಲ್ ಇರುವ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಹೆಂಡತಿ ಎದುರು ಹೋಗಿ ಕೈಹಿಡಿದಳು.

“ಮೇಡಂ, ಇನ್ನೂ ಮಣ್ಣು ಮಾಡಿಲ್ಲ. ಅವ್ರು ಬರೆದುಕೊಟ್ಟಿದ್ರಲ್ಲ, ಕರ್ಕೊಂಡು ಹೋಗಿ.”

“ಪೋಸ್ಟ್‌ಮಾರ್ಟಂ ಆದ ದೇಹ ನಾವು ತಗೊಳ್ಳೋ ಹಾಗಿಲ್ಲಮ್ಮ. ರಕ್ತನಾಳ ಎಲ್ಲ ಕತ್ತರಿಸಿರ್ತಾರೆ, ಔಷಧಿ ಒಳಗೆ ನಿಲ್ಲಲ್ಲ.”

“ಮೂವತ್ತೊಂದು ವರ್ಷ ಕಂಡೋರ ಹೆಣ ಮಗು ಥರ ಮಲಗಿಸಿದೋರಿಗೆ ಒಂದು ಟೇಬಲ್ ಇಲ್ವಾ ಮೇಡಂ?”

ಮೇಡಂ ಕಣ್ಣೊರೆಸಿಕೊಂಡರು. ಮಗಳು ಅಮ್ಮನನ್ನು ಹಿಂದಕ್ಕೆ ಸರಿಸಿದಳು.

“ಅದು ಹೋಗಲಿ. ಮೂಳೆ ಕಾಲೇಜಿಂದು ಅಂತ ಪೊಲೀಸ್ರಿಗೆ ಹೇಳಿದ್ರಾ, ಅದನ್ನ ಹೇಳಿ.”

“ರಿಜಿಸ್ಟರ್‌ನಲ್ಲಿ ಬರೆದಿಲ್ಲಮ್ಮ. ಯಾರಿಗೆ ಕೊಟ್ಟಿದ್ದು ಅಂತಾನೂ ಇಲ್ಲ. ಕೇಳಿದಾಗ ಇದ್ದದ್ದನ್ನೇ ಹೇಳಬೇಕಾಯ್ತು...”

“ಅಂದ್ರೆ ನಮ್ಮಪ್ಪ ಕದ್ದಿದ್ದು ಅಂತ ಹೇಳಿದ್ರಿ.”

ಡ್ರೈವರ್ ಹಗ್ಗ ಎತ್ತಿಕೊಂಡ. “ಬಾರಮ್ಮ, ಇಳಿಸೋಣ. ಸತ್ತೋರ ಮೇಲೆ ಹೊರಿಸಿದ್ರೆ ಕೇಳೋರು ಯಾರು?”

“ನಿಲ್ಲಿ,” ಎಂದ ಬಕೆಟ್.

ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು. ಮತ್ತೊಮ್ಮೆ ಕೂಗಿದ. ಮೇಡಂ ಕೈಗೆ ಚೀಟಿ ಕೊಟ್ಟ. ಬೆವರಿಗೆ ಮೆತ್ತಗಾಗಿದ್ದ ಕಾಗದವನ್ನು ಅವರು ಬಿಡಿಸಿ ಗಟ್ಟಿಯಾಗಿ ಓದಿದರು. ವಿಭಾಗದ ಮೊಹರು, ಅಟೆಂಡರನ ಉರುಟು ಅಕ್ಷರ, ಓದಲು ಕೊಟ್ಟ ಮೂಳೆಗಳೆಂಬ ಒಕ್ಕಣೆ. ಕೆಳಗೆ ಈ ಹುಡುಗನ ಹೆಸರು. ಅದರ ಮೊದಲಿಗೆ, ಇನ್ನೂ ಐದು ವರ್ಷ ಬಾಕಿಯಿರುವಾಗಲೇ, ‘ಡಾ.’ ಎಂದು ಸೇರಿಸಿದ್ದ.

“ಇದು ನಿನ್ನ ಹತ್ರ ಹೇಗೆ?” ಎಂದಳು ಮಗಳು.

“ಚೀಲ ನಂದು. ದೊಡ್ಡಪ್ಪ ನನಗೋಸ್ಕರ ಹೊತ್ಕೊಂಡು ಹೋದ್ರು. ನಾನು... ರಸ್ತೆ ಈಚೆ ಇದ್ದೆ. ಎಲ್ಲಾ ನೋಡ್ದೆ. ಅವ್ರು ನನ್ನ ನೋಡಿದ್ರು. ಚೀಟಿ ಜೇಬಲ್ಲೇ ಇತ್ತು. ಬಸ್ ಹತ್ತಿ ಹೋದೆ.”

ಮಗಳು ಹೊಡೆದಳು. ಕನ್ನಡಕ ಹಾರಿಹೋಯಿತು. “ಹೇಡಿ ನಾಯಿ! ನನ್ನ ಕೈಯಲ್ಲಿ ಅಂಗಿ ಸೀಳಿಸಿದ್ಯಲ್ಲೋ!” ಎಂದು ಮತ್ತೆ ಮತ್ತೆ ಹೊಡೆದಳು. ಡ್ರೈವರ್ ಹಗ್ಗ ಎಸೆದು ಬಂದು ಹೊಟ್ಟೆಗೆ ಒದ್ದ. ಬಿದ್ದವನನ್ನು ಲಾರಿಯಲ್ಲಿ ಬಂದವರೆಲ್ಲ ಸುತ್ತುವರಿದರು. ಎರಡು ದಿನದಿಂದ ಯಾರಿಗೆ ಹೊಡೆಯಬೇಕೆಂದು ತಿಳಿಯದಿದ್ದ ಜನ ಅವರು. “ಕೊಲ್ಲಿ ನನ್ಮಗನ್ನ!” ಎಂದಿತು ಒಂದು ದನಿ. ಮೂಗಿನಿಂದ ರಕ್ತ ಧಾರೆಯಾಗಿ ಇಳಿಯಿತು. ಯಾರದೋ ಚಪ್ಪಲಿ ಅವನ ಬೆರಳುಗಳನ್ನು ಮೆಟ್ಟಿತು. ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಆದರೂ ಯಾರೂ ನಿಲ್ಲಿಸಲಿಲ್ಲ. ದೂರದಲ್ಲಿ ಮೇಡಂ ಬೇಡ ಬೇಡವೆನ್ನುತ್ತ ಕಾರಿಗೆ ಒರಗಿ ನಿಂತಿದ್ದರು.

ಡ್ರೈವರ್ ಗುಂಡಿಯಂಚಿನ ಹಸಿ ಮಣ್ಣಿನ ಮೇಲೆ ಬಲಗೈಯೂರಿ, ಅಲ್ಲಿದ್ದ ಕಲ್ಲನ್ನು ಎಡಗೈಯಲ್ಲಿ ಕಿತ್ತು ಎತ್ತಿದ.

ಆಗ ಅಟೆಂಡರನ ಹೆಂಡತಿ ನುಗ್ಗಿದಳು. ಕಾಲುಗಳ ನಡುವೆ ತೂರಿ, ಬಿದ್ದಿದ್ದವನ ಮೇಲೆ ಬೋರಲು ಬಿದ್ದು, ಅವನ ತಲೆಯನ್ನು ಎರಡೂ ತೋಳಲ್ಲಿ ಮುಚ್ಚಿಕೊಂಡಳು. ಅವಳ ತಮ್ಮ, ಆ ಡ್ರೈವರ್, ಕಲ್ಲನ್ನೇನೋ ಎಸೆದುಬಿಟ್ಟ, ಆದರೆ ಬೀಸಿದ್ದ ಇನ್ನೊಂದು ಕೈಯನ್ನು ತಡೆಯಲಾಗಲಿಲ್ಲ. ಅದು ಅಕ್ಕನ ಬೆನ್ನಿಗೆ ಬಿತ್ತು. ಎಲ್ಲರೂ ನಿಂತರು.

ಬಕೆಟ್ ಅವಳ ಎದೆಯಡಿ ಬಿಕ್ಕುತ್ತಿದ್ದ. “ದೊಡ್ಡಮ್ಮ, ಕ್ಷಮಿಸಿ ದೊಡ್ಡಮ್ಮ...”

ಅವಳು ಅವನ ತಲೆ ಬಿಟ್ಟು ಮೊಣಕಾಲೂರಿ ಎದ್ದಳು. ಅವಳ ತುಟಿಯೂ ಒಡೆದಿತ್ತು. ಅವನ ಮುಖವನ್ನು ಹತ್ತಿರದಿಂದ ನೋಡಿದಳು.

“ಇಷ್ಟೇ ಕಣೋ,” ಎಂದಳು. “ನೀನು ಮಾಡಬೇಕಾಗಿದ್ದು ಇಷ್ಟೇ.”

ಪೆಟ್ಟಿಗೆಯನ್ನು ಇಳಿಸಿದರು. ಅವಳು ಅಂಚಿಗೆ ಹೋಗಿ, ಬಾಗಿ, ಎರಡೂ ಕೈತುಂಬ ಮಣ್ಣು ತೆಗೆದು ಹಾಕಿದಳು. ಮತ್ತೆ ಬಾಗಿ ಮತ್ತೆ ಹಾಕಿದಳು. ಹಿಂದೆ ನಿಂತಿದ್ದ ತಮ್ಮ ತನ್ನ ಬಲಗೈಯನ್ನು ಒರೆಸುತ್ತಲೇ ಇದ್ದ. ಅವಳು ಬಾಗಿದಾಗಲೆಲ್ಲ ಬೆನ್ನಿನ ಮೇಲೆ, ಬೆರಳು ಬೆರಳೂ ಬಿಡಿಯಾಗಿ, ಹಸಿ ಮಣ್ಣಿನ ಅಂಗೈಯೊಂದು ಕಾಣುತ್ತಿತ್ತು.