ಅಧಿಕೃತ ಹಕ್ಕಿ

ಹಕ್ಕಿ ಮತ್ತೆ ಊದಿಕೊಂಡಿತ್ತು. ಭೌತಶಾಸ್ತ್ರ ವಿಭಾಗದವರು ಬ್ಯಾನರಿನಲ್ಲಿ ಜಾಗ ತುಂಬಲಿ ಎಂದು ಲಾಂಛನವನ್ನು ಅಡ್ಡಡ್ಡ ಎಳೆದುಬಿಟ್ಟಿದ್ದರು. ತೆರೆದ ಪುಸ್ತಕದ ಮೇಲೆ ನೆಟ್ಟಗೆ ಕೂರಬೇಕಾದ ಹಕ್ಕಿ ಮೊಟ್ಟೆಗೆ ಕೂತ ಬಾತುಕೋಳಿಯಾಗಿತ್ತು. ಅವನು ಗೇಟಿನ ಬಳಿ ನಿಂತು ಅದರ ಫೋಟೋ ತೆಗೆದುಕೊಂಡ. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ: ಅಗಲ ಹೆಚ್ಚು, ಇಳಿಸತಕ್ಕದ್ದು.

ವಿಶ್ವವಿದ್ಯಾಲಯದ ಲಾಂಛನ ಎಲ್ಲೆಲ್ಲಿ ಬಳಕೆಯಾಗುತ್ತದೋ ಅಲ್ಲೆಲ್ಲ ಒಂದೇ ತೆರನಾಗಿರುವಂತೆ ನೋಡಿಕೊಳ್ಳುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ. ಯಾವ ನೀಲಿ, ಎಷ್ಟು ಎತ್ತರ, ಯಾವ ಅಕ್ಷರ ಎಂದೆಲ್ಲ ಹೇಳುವ ಅರವತ್ತೆರಡು ಪುಟಗಳ ಕೈಪಿಡಿಯೊಂದಿದೆ. ಬರೆದವನೂ ಅವನೇ, ಪೂರ್ತಿ ಓದಿದವನೂ ಬಹುಶಃ ಅವನೊಬ್ಬನೇ. ಎದುರಿಗೆ ಸಾರ್ ಎನ್ನುವವರು ಬೆನ್ನ ಹಿಂದೆ ಹಕ್ಕಿ ಸಾಹೇಬ್ರು ಎನ್ನುತ್ತಾರೆ. ಅವನಿಗೆ ಗೊತ್ತು. ಬೇಸರವೇನಿಲ್ಲ. ಬೇಸರ ಮಾಡಿಕೊಳ್ಳುವಷ್ಟು ಹತ್ತಿರಕ್ಕೆ ಯಾರೂ ಬಂದಿಲ್ಲ.

ಬೆಳಿಗ್ಗೆ ಅವನು ಬೂಟಿನ ಲೇಸು ಕಟ್ಟುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದ್ದಳು.

“ಅಪ್ಪಂದು ಇವತ್ತೇ ಅಳಿಸ್ತಾರಾ?”

“ನೋಡೋಣ.”

“ನೋಡೋಣ ಅಂದ್ರೆ ಏನ್ರೀ? ಅಳಿಸ್ತೀರೋ, ಬಿಡ್ತೀರೋ?”

“ಹೊತ್ತಾಯ್ತು.”

“ಶಾಲೆ ಬಿಟ್ಮೇಲೆ ಬರ್ತೀನಿ. ನಾಲ್ಕು ಗಂಟೆಗೆ,” ಎಂದಳು ಅವಳು. ಬರಲೇ ಎಂದು ಕೇಳಿರಲಿಲ್ಲ.

ಮಾವ ವಿಶ್ವವಿದ್ಯಾಲಯದ ಪೇಂಟರ್ ಆಗಿದ್ದವರು. ಸಸ್ಯಶಾಸ್ತ್ರ ಕಟ್ಟಡದ ಮೆಟ್ಟಿಲ ತಿರುವಿನ ಗೋಡೆಯ ಮೇಲೆ ಆಳೆತ್ತರದ ಲಾಂಛನವೊಂದನ್ನು ಅಚ್ಚಿಲ್ಲದೆ ಕೈಯಲ್ಲೇ ಬರೆದಿದ್ದರು. ಅವರು ಹೋಗಿ ಎರಡು ವರ್ಷ. ಅವರ ಕೈಯ ಗುರುತು ಅಂತ ಉಳಿದದ್ದು ಅದೊಂದೇ. ಮಿಕ್ಕ ಬೋರ್ಡುಗಳನ್ನು ಅಳಿಯನೇ ಒಂದೊಂದಾಗಿ ಇಳಿಸಿದ್ದ. ಆಗೆಲ್ಲ ಹೆಂಡತಿ ತುಟಿ ಪಿಟಕ್ಕೆಂದಿರಲಿಲ್ಲ. ಇದೊಂದನ್ನು ಮಾತ್ರ ಕೇಳಿದ್ದಳು.

ಆ ಗೋಡೆಯ ಹಕ್ಕಿಗೆ ಕಣ್ಣಿತ್ತು. ಅಧಿಕೃತ ಹಕ್ಕಿಗೆ ಕಣ್ಣಿಲ್ಲ. ‘ಕಲಾವಿದರು ಸ್ವಂತ ಇಚ್ಛೆಯಿಂದ ಸೇರಿಸಿದ ಚುಕ್ಕೆ’ ಎಂದು ಅವನು ವರದಿಯಲ್ಲಿ ಬರೆದಿದ್ದ. ಮೂಲ ಚಿತ್ರದ ಒಂದು ಪ್ರತಿಯನ್ನು ಲಗತ್ತಿಸಿಬಿಟ್ಟರೆ ಕಡತ ಮುಗಿಯುತ್ತಿತ್ತು.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿ. ಅಲ್ಲಿನ ಗುಮಾಸ್ತೆ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು, ಕಾಗದವನ್ನು ಮಗುವಿನ ಬಟ್ಟೆಯಂತೆ ಮೆಲ್ಲಗೆ ಬಿಡಿಸುವವಳು. ಕಟ್ಟು ಬಿಚ್ಚಿ ಹಳದಿ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದಳು.

“ಇದೇ ಸಾರ್, ಮೊಟ್ಟಮೊದಲನೇದು.”

ಶಾಯಿಯಲ್ಲಿ ಬರೆದ ಹಕ್ಕಿ. ಅದಕ್ಕೆ ಕಣ್ಣಿತ್ತು. ಯಾರೋ ಉಸಿರು ಬಿಗಿಹಿಡಿದು ಇಟ್ಟ ಕಣ್ಣು, ಒಳಗೆ ಸಾಸಿವೆಯಷ್ಟು ಬಿಳಿ.

“ಕಣ್ಣಿದೆ ಸಾರ್ ಇದಕ್ಕೆ.”

“ಹೌದು.”

“ನಮ್ದಕ್ಕೆ ಇಲ್ವಲ್ಲ?”

“ಇದು ಹಳೇದು.”

“ಹಳೇದಾದ್ರೆ ಕಣ್ಣಿರುತ್ತಾ ಸಾರ್!” ಎಂದು ಅವಳು ನಕ್ಕಳು. ಅವನೂ ನಕ್ಕ.

ನಗುತ್ತಿರುವಾಗಲೇ ಅವನಿಗೆ ಎಲ್ಲ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು. ಕಂಪ್ಯೂಟರಿನ ಮುಂದೆ ಎರಡು ದಿನ ಕೂತು, ಲಾಂಛನದ ಒಂದು ಜೆರಾಕ್ಸ್ ಪ್ರತಿಯ ಮೇಲೆ ಬಿದ್ದಿದ್ದ ಕರಿ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿದ್ದ. ಎಂಥ ಸುಖವಿತ್ತು ಅದರಲ್ಲಿ! ಒಂದೊಂದು ಚುಕ್ಕೆ ಹೋದಂತೆ ಮನಸ್ಸು ಅಷ್ಟಷ್ಟು ಹಗುರ. ಧೂಳು, ಧೂಳು, ಧೂಳು, ಕಣ್ಣು, ಧೂಳು. ಕೈ ಎಲ್ಲೂ ತಡವರಿಸಿರಲಿಲ್ಲ.

ಹೊರಗೆ ಬಂದಾಗ ಬಿಸಿಲು ನೀರಿನಂತೆ ಅಲುಗುತ್ತಿತ್ತು. ಕಸದ ಡಬ್ಬಿಯ ಮೇಲೆ, ಬಸ್ಸಿನ ಪಕ್ಕೆಯಲ್ಲಿ, ನೀರಿನ ಟ್ಯಾಂಕಿನ ನೆತ್ತಿಯಲ್ಲಿ, ಹುಡುಗಿಯೊಬ್ಬಳ ಕೈಯಲ್ಲಿದ್ದ ಕಪ್ಪಿನ ಮೇಲೆ ನೀಲಿ ಹಕ್ಕಿ ಕೂತಿತ್ತು. ಎಷ್ಟು ಸಾವಿರ ಮನೆಗಳ ಗೋಡೆಯಲ್ಲಿ ಪದವಿ ಪತ್ರದ ಒಳಗೆ ಕೂತಿದೆಯೋ. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಯಾವುದೂ ಅವನನ್ನು ನೋಡಲಿಲ್ಲ. ನಡೆಯುತ್ತಿದ್ದಂತೆ ಕಾಲ ಕೆಳಗಿನ ನೆಲ ಮೆತ್ತಗಾಗುತ್ತಾ ಹೋಯಿತು. ಹೆದರಿಕೆಯಾಗಬೇಕಿತ್ತು. ಆದದ್ದು ಹಿತವಾದ ಮಂಪರು. ಯಾರದೋ ಕನಸಿನೊಳಗೆ ತಾನು ಸಂಬಳದ ಮೇಲೆ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡ.

ಕುಲಸಚಿವರ ಕೋಣೆಯಲ್ಲಿ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಒಂದೇ ಒಂದು ವಾಕ್ಯ ಹೇಳುವುದಿತ್ತು: ಸಾರ್, ತಪ್ಪಿರುವುದು ಗೋಡೆಯಲ್ಲಿ ಅಲ್ಲ. ಮೆಟ್ಟಿಲು ಹತ್ತುವಾಗ ನಾಲ್ಕು ಸಲ ಹೇಳಿಕೊಂಡಿದ್ದ.

“ಬನ್ನಿ ಬನ್ನಿ. ಏನು ಸಮಾಚಾರ?”

“ಸಸ್ಯಶಾಸ್ತ್ರದ ಗೋಡೆ ವಿಷಯ ಸಾರ್.”

“ಅದು ನಿಮ್ಮ ಮಾವನವರದಲ್ವೇನ್ರೀ?” ಕುಲಸಚಿವರು ಕನ್ನಡಕ ತೆಗೆದರು. ದೊಡ್ಡ ಮನಸ್ಸಿನ ಮನುಷ್ಯ. “ಬೇಕಾದ್ರೆ ಬಿಟ್ಬಿಡಿ. ಒಂದು ಗೋಡೆಯಿಂದ ಏನೂ ಮುಳುಗಿಹೋಗಲ್ಲ. ನಿಮ್ಮ ಮನೆಯವರಿಗೂ ಸಮಾಧಾನ.”

ಎಷ್ಟು ಸಲೀಸಾಗಿ ಸಿಕ್ಕಿತು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಆ ಗೋಡೆ ಉಳಿದರೆ ಒಂದಲ್ಲ ಒಂದು ದಿನ ಯಾರೋ ಅದರ ಮುಂದೆ ನಿಂತು, ಗುಮಾಸ್ತೆ ಕೇಳಿದ್ದನ್ನೇ ಕೇಳುತ್ತಾರೆ. ಆಮೇಲೆ ಹನ್ನೊಂದು ವರ್ಷದಲ್ಲಿ ಅವನದು ಅಂತ ಉಳಿಯುವುದೇನು?

“ಇಲ್ಲ ಸಾರ್. ಒಂದಕ್ಕೆ ಬಿಟ್ರೆ ಎಲ್ಲರೂ ಕೇಳ್ತಾರೆ.”

ತನ್ನದೇ ದನಿ ಅವನಿಗೆ, ಪಕ್ಕದ ಕೋಣೆಯಲ್ಲಿ ಯಾರೋ ಕೈಪಿಡಿಯನ್ನು ಗಟ್ಟಿಯಾಗಿ ಓದಿದಂತೆ ಕೇಳಿಸಿತು.

“ಭೇಷ್,” ಎಂದರು ಕುಲಸಚಿವರು. “ನಿಮ್ಮಂಥೋರು ಇರೋದ್ರಿಂದ್ಲೇ ನಡೀತಿದೆ.”

ಅವನಿಗೆ ನಾಚಿಕೆಯಾಯಿತು. ಥ್ಯಾಂಕ್ಯೂ ಸಾರ್ ಎಂದ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅವನು ಸಸ್ಯಶಾಸ್ತ್ರದ ಮೆಟ್ಟಿಲು ಹತ್ತಿದ. ಗೋಡೆ ಆಗಲೇ ಬೆಳ್ಳಗಾಗಿತ್ತು. ಈಗಿನ ಪೇಂಟರ್ ತಗಡಿನ ಅಚ್ಚನ್ನು ಒತ್ತಿ, ಗೇಣುದ್ದದ ಹೊಸ ಹಕ್ಕಿಯನ್ನು ನಟ್ಟನಡುವೆ ಮೂಡಿಸಿ, ಬ್ರಷ್ಷು ತೊಳೆಯುತ್ತಿದ್ದ.

“ಒಳ್ಳೆ ಕೈ ಸಾರ್ ಅದು. ಬಳಿಯೋಕೆ ಮನಸ್ಸೇ ಬರಲಿಲ್ಲ. ನೀವೇನಾದ್ರೂ ಹೇಳ್ತೀರೇನೋ ಅಂತ ಅರ್ಧ ಗಂಟೆ ಕಾದೆ.”

“ನಾನೇನು ಹೇಳ್ಲಿ.”

ಟೇಪು ಹಿಡಿದು ಅಳೆದ. ಲಾಂಛನದ ನಾಲ್ಕೂ ಕಡೆ ಒಂದು ಹಕ್ಕಿಯಷ್ಟು ಜಾಗ ಖಾಲಿ ಇರಬೇಕು. ಅಲ್ಲಿ ಅಕ್ಷರ ಕೂಡದು, ಗೆರೆ ಕೂಡದು, ಮೊಳೆ ಕೂಡದು. ಇಲ್ಲಿ ಮೂರು ಹಕ್ಕಿಯಷ್ಟು ಖಾಲಿಯಿತ್ತು. ವರದಿಗೆ ಒಂದು ಫೋಟೋ ತೆಗೆದರೆ ಆಯಿತು.

ಹೆಂಡತಿ ಬಂದಳು. ಹೆಗಲಲ್ಲಿ ಉತ್ತರಪತ್ರಿಕೆಗಳ ಚೀಲ. ಅವನ ಕಡೆ ತಿರುಗದೆ ನೇರ ಗೋಡೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಸಮೀಪ ನಿಂತಳು. ಪೇಂಟರ್ ಡಬ್ಬಿ ಎತ್ತಿಕೊಂಡು ಸದ್ದಿಲ್ಲದೆ ಕೆಳಗಿಳಿದ.

“ನಂಗೆ ಆರು ವರ್ಷ,” ಎಂದಳು ಗೋಡೆಗೆ. “ಡಬ್ಬಿ ಹಿಡ್ಕೊಂಡಿದ್ದೆ. ಕಣ್ಣು ಸರಿಯಾಗಿ ಬಂತಾ ನೋಡು ಪುಟ್ಟಿ ಅಂದ್ರು ಅಪ್ಪ. ಬಂತು ಅಂದೆ.”

ಅವನು ಟೇಪು ಸುತ್ತಿ ಜೇಬಿಗಿಟ್ಟ.

“ರೀ, ಅವರು ತಪ್ಪು ಬರೆದಿದ್ರಾ?”

ಎಲ್ಲೋ ತರಗತಿಯೊಂದರಲ್ಲಿ ಕುರ್ಚಿಗಳನ್ನು ಎಳೆಯುತ್ತಿದ್ದರು. ಆ ಸದ್ದು ನಿಂತಿತು. ಅವಳು ಕಾಯುತ್ತಿದ್ದಳು. ಉತ್ತರ ಅವನ ಬಾಯಲ್ಲೇ ಇತ್ತು, ಎರಡಕ್ಷರದ್ದು. ಅವನು ಫೋನ್ ಎತ್ತಿ ಹಿಡಿದ. ತೆರೆಯಲ್ಲಿ ಹಕ್ಕಿ ಬಂತು, ಪಕ್ಕದಲ್ಲಿ ಅವಳ ಹೆಗಲು, ಜಡೆಯ ತುದಿ.

“ಸ್ವಲ್ಪ ಪಕ್ಕಕ್ಕೆ,” ಎಂದ.

ಅವಳು ತಿರುಗಿ ಅವನ ಮುಖ ನೋಡಿದಳು. ಮೊದಲ ಸಲ ನೋಡುತ್ತಿರುವವಳಂತೆ ತುಂಬ ಹೊತ್ತು ನೋಡಿದಳು. ಆಮೇಲೆ ಒಂದು ಹೆಜ್ಜೆ ಸರಿದಳು.

“ಇನ್ನೂ ಸ್ವಲ್ಪ.”

ಸರಿದಳು.

ಅವಳ ನೆರಳು ಮಾತ್ರ ಬಿಳಿಯ ಮೇಲೆ ಉಳಿದಿತ್ತು. ಅವನು ತಾಳ್ಮೆಯಿಂದ ಕಾದ. ಅದೂ ಜಾರುತ್ತ ಜಾರುತ್ತ ಅಂಚಿಗೆ ಹೋಗಿ ಇಲ್ಲವಾಯಿತು. ಆಗ ಒತ್ತಿದ. ಫೋಟೋ ಚೆನ್ನಾಗಿ ಬಂತು.

ಫೋನ್ ಇಳಿಸಿದಾಗ ತಿರುವಿನಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಹತ್ತುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲಿಲ್ಲ. ಕೂಗಬೇಕೆಂದುಕೊಂಡ. ಅವನ ಎಡಕ್ಕೂ ಬಲಕ್ಕೂ ಹಸಿ ಬಿಳಿ ಹೊಳೆಯುತ್ತಿತ್ತು, ಎಲ್ಲೂ ಒಂದು ಗೆರೆಯಿಲ್ಲದೆ, ಮೊಳೆಯಿಲ್ಲದೆ. ಅದರ ನಡುವೆ ಅವನು ನೆಟ್ಟಗೆ, ಸರಿಯಾದ ಅಂತರದಲ್ಲಿ ನಿಂತಿದ್ದ.