ಮೈಂಡ್ ಮಾಡಿದವಳು ಏನಾಗಬೇಕು?

1

ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ನಿಘಂಟಿನಿಂದ ಶುರು ಮಾಡಿದರೆ ಇನ್ನೂ ಬೇಗ ಮಗುಚುತ್ತೀರಿ. ಆದರೂ ಕುತೂಹಲ ತಡೆಯಲಾರೆ. ‘ಮೈಂಡ್’ ಎಂಬ ಇಂಗ್ಲಿಷ್ ಪದವನ್ನೇ ನೋಡಿ. ನಿಘಂಟಿನಲ್ಲಿ ಅದು ಮನಸ್ಸು. ನಮ್ಮ ಗ್ರೆನೇಡಾ ದ್ವೀಪದ ವ್ಯಾನಿನ ಕಂಡಕ್ಟರ್ ಬಾಗಿಲೆಳೆಯುತ್ತ ‘ಮೈಂಡ್ ಯುವರ್ ಹ್ಯಾಂಡ್’ ಎಂದರೆ ಕೈ ಜೋಪಾನ. ‘ನೆವರ್ ಮೈಂಡ್’ ಎಂದರೆ ಹೋಗಲಿ ಬಿಡು. ನನ್ನ ಹೆಂಡತಿ ‘ಐ ಡೋಂಟ್ ಮೈಂಡ್’ ಎಂದರೆ ಏನರ್ಥವೋ, ಇನ್ನೂ ಪತ್ತೆಯಾಗಿಲ್ಲ. ನಾವು ಮೇಕೆಯನ್ನೂ ಮೈಂಡ್ ಮಾಡುತ್ತೇವೆ, ಮಗುವನ್ನೂ ಮೈಂಡ್ ಮಾಡುತ್ತೇವೆ. ಹೆತ್ತವಳು ದೂರದೇಶದಲ್ಲಿ ದುಡಿಯುವಾಗ ಇನ್ನೊಬ್ಬಳು ಸಾಕಿ ಬೆಳೆಸುವುದಕ್ಕೆ ಇಲ್ಲಿ ಅದೇ ಪದ.

(ಈ ಪ್ಯಾರಾ ಹೊಡೆದುಹಾಕೋಣವೆಂದುಕೊಂಡೆ. ಮನಸ್ಸು ಬರಲಿಲ್ಲ.)

2

ಸರಿ, ಸಾವಿನಿಂದಲೇ ಶುರು. ಗ್ವಾವ್ ಊರಿನಲ್ಲಿ ಮೀನು ಮಾರುತ್ತಿದ್ದ ವೆರ್ಲಿನ್ ನಿನ್ನೆ ತೀರಿಕೊಂಡಳು. ನಾನು ಆಲ್ಬನ್, ರೇಡಿಯೋದಲ್ಲಿ ಸಂಜೆ ಏಳಕ್ಕೆ ಸಾವಿನ ಸುದ್ದಿ ಓದುವವನು, ಬಿಡುವಿನಲ್ಲಿ ಕಥೆ ಬರೆಯುವವನು. ಆ ಹೊತ್ತಿಗೆ ಇಡೀ ದ್ವೀಪ ಕಿವಿಯಾಗಿ ಕೂರುತ್ತದೆ. ಸತ್ತವರ ಹೆಸರು, ಅಡ್ಡಹೆಸರು (ಅದಿಲ್ಲದಿದ್ದರೆ ಸತ್ತದ್ದು ಯಾರೆಂದೇ ತಿಳಿಯದು), ಆಮೇಲೆ ಇಂಥವರ ತಾಯಿ, ಇಂಥವರ ಅತ್ತೆ, ಇಂಥವರ ನೆರೆಯವಳು. ಮನೆಯವರು ಬರೆದುಕೊಟ್ಟದ್ದಕ್ಕೆ ನಾನು ಒಂದಕ್ಷರ ಸೇರಿಸುವಂತಿಲ್ಲ. ಆ ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿದೆಯೋ, ಊರಿಗೆ ನೀವು ಅಷ್ಟೇ.

ವೆರ್ಲಿನ್ ಹೆತ್ತ ಒಬ್ಬನೇ ಮಗ ಕರ್ಟಿಸ್ ಇವತ್ತು ಚೀಟಿ ತಂದ. ಮೊದಲಲ್ಲೇ ‘ಕರ್ಟಿಸ್‌ನ ತಾಯಿ’. ಕೊನೆಯಲ್ಲಿ, ನೆರೆಹೊರೆಯವರ ನಡುವೆ, ಮಾರ್ವಾ. ಈ ಮಾರ್ವಾಳನ್ನು ವೆರ್ಲಿನ್ ಅಂಬೆಗಾಲಿನಿಂದ ಮೈಂಡ್ ಮಾಡಿದ್ದಳು. ಟೊರಾಂಟೊಗೆ ಹೋದ ಹೆತ್ತವಳು ವರ್ಷಕ್ಕೊಂದು ಪೀಪಾಯಿ ಬಟ್ಟೆಬರೆ ಕಳಿಸಿದಳೇ ಹೊರತು ತಾನು ಬರಲಿಲ್ಲ. ವೆರ್ಲಿನ್ ಹಾಸಿಗೆ ಹಿಡಿದ ಮೇಲೆ ಮೈ ತೊಳೆದು, ಗಂಜಿ ಕುಡಿಸಿದವಳು ಮಾರ್ವಾ.

3

ಮೊದಲ ಅಂತ್ಯ: ಕರ್ಟಿಸ್‌ನನ್ನೂ ಚಿಕ್ಕಂದಿನಲ್ಲಿ ಬೇರೊಬ್ಬಳು ಮೈಂಡ್ ಮಾಡಿದ್ದಳೆಂದು ನೆನಪಾಗಿ ಅವನು ಕರಗಿ ಚೀಟಿ ತಿದ್ದುತ್ತಾನೆ. ಬರೆದು ಮುಗಿಸುವಷ್ಟರಲ್ಲಿ ಅವನೇ ಅಡ್ಡ ಬಂದ.

‘ನಿನ್ನ ಕಥೆಗೆ ಬೇಕು ಅಂತ ನನಗೆ ಇನ್ನೊಬ್ಬ ಅಮ್ಮನ್ನ ಹುಟ್ಟಿಸ್ಬೇಡ ಕಣೋ ಆಲ್ಬನ್. ಇದ್ದೋಳು ಒಬ್ಳೇ. ಅವಳಲ್ಲೂ ಅರ್ಧ ಮೀನಿನ ಬುಟ್ಟಿಗೆ, ಅರ್ಧ ಆ ಹುಡುಗಿಗೆ. ಕೊನೇ ದಿನನಾದ್ರೂ ನನ್ನೊಬ್ಬನ ಅಮ್ಮ ಆಗಿರ್ಲಿ.’

ಇವನನ್ನು ವಿಲನ್ ಮಾಡಲು ಹೊರಟಿದ್ದೆ ನಾನು. ಈಗ ಪಾಪ ಅನಿಸುತ್ತಿದೆ.

4

(ಈ ಭಾಗ ಹರಿದುಹಾಕಿದ್ದೇನೆ. ಅದರಲ್ಲೊಂದು ಉಯಿಲು ಬರುತ್ತಿತ್ತು. ನಾಚಿಕೆಗೇಡು.)

5

ಎರಡನೆಯ ಅಂತ್ಯ: ನಾನೇ ಬಾಯಿತಪ್ಪಿದವನಂತೆ ‘ಕರ್ಟಿಸ್ ಮತ್ತು ಮಾರ್ವಾರ ತಾಯಿ’ ಎಂದು ಓದಿಬಿಡುವುದು. ಕೆಲಸ ಹೋದರೆ ಹೋಗಲಿ, ಕಥೆಗಾರನಾಗಿಯಾದರೂ ಒಂದು ಪುಣ್ಯ. ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದ ಮಾರ್ವಾಳಿಗೆ ಇದನ್ನು ಹೇಳಿದೆ. ಅವಳು ಖುಷಿಪಡಲಿಲ್ಲ.

‘ಬೇಡ ಅಂಕಲ್. ನೀವು ಓದಿದ್ರೆ ಅದು ನಿಮ್ಮ ಮಾತು. ಊರೋರು ನನ್ನನ್ನ ಅವಳ ಮಗಳು ಅನ್ಲಿ ಅಂತಲ್ಲ, ಅವನು ತಂಗಿ ಅನ್ಬೇಕು. ನನಗೆ ಇನ್ನು ಇರೋನು ಅವನೊಬ್ಬನೇ.’

ಹಾಗಾದರೆ ಮೂರನೆಯ ಅಂತ್ಯದಲ್ಲಿ ಅವನ ಬಾಯಿಂದಲೇ ಹೇಳಿಸುತ್ತೇನೆ ಎಂದೆ.

‘ನೀವು ಹೇಳಿಸಿದ್ರೂ ಅಷ್ಟೇ ಅಲ್ವಾ?’

ಅದೂ ಸರಿಯೇ. ಇಷ್ಟು ವರ್ಷ ಕಥೆ ಬರೆದಿದ್ದೇನೆ, ಪಾತ್ರದ ಮುಂದೆ ಹೀಗೆ ಪೆಚ್ಚಾಗಿ ಕೂತದ್ದಿಲ್ಲ.

6

ಏಳು ಗಂಟೆ. ಪ್ರಸಾರದ ಕೆಂಪು ದೀಪ ಹತ್ತಿತು. ಕರ್ಟಿಸ್ ಗಾಜಿನಾಚೆ ಕುರ್ಚಿಯಲ್ಲಿದ್ದಾನೆ. ಅವನ ಹಿಂದೆ, ಬಾಗಿಲ ಬಳಿ, ಮಾರ್ವಾ.

‘ಜ್ಯಾಕ್ಸ್ ಮೀನಿನ ವೆರ್ಲಿನ್ ಎಂದೇ ಎಲ್ಲರಿಗೂ ಗೊತ್ತಿದ್ದ ವೆರ್ಲಿನ್ ಇನ್ನಿಲ್ಲ. ಕರ್ಟಿಸ್‌ನ ತಾಯಿ...’

ಚೀಟಿಯಲ್ಲಿ ಅಲ್ಲಿ ಪೂರ್ಣವಿರಾಮವಿದೆ. ನಾನು ಓದುವುದನ್ನು ನಿಲ್ಲಿಸಿ ಗಾಜಿನಾಚೆ ನೋಡಿದೆ. ಕರ್ಟಿಸ್ ತಲೆಯೆತ್ತಿದ. ಊರೂರಲ್ಲಿ ಜನ ರೇಡಿಯೋ ಕೆಟ್ಟಿತೇ ಎಂದು ತಟ್ಟಿ ನೋಡುತ್ತಿರಬೇಕು. ಅವನು ತಿರುಗಿ ಬಾಗಿಲ ಕಡೆ ನೋಡಿದ.

ಅವನು ಹೂಂ ಎಂದನೆಂದು ಬರೆಯುವುದು ನನಗೆ ಒಂದು ಗಳಿಗೆಯ ಕೆಲಸ. ಆದರೆ ನಾನು ಬರೆದ ಹೂಂ ಮಾರ್ವಾಳಿಗೆ ಬೇಡ. ಓದುಗರೇ, ನಿಮಗೆ ಬೇಕೆಂದರೂ ಕೊಡಲಾರೆ, ಬೈದುಕೊಳ್ಳಿ.

ಕರ್ಟಿಸ್ ಕುರ್ಚಿ ಸರಿಸಿ ಎದ್ದ. ಮೈಕ್ ತೆರೆದೇ ಇದೆ. ನಾನು ಪೆನ್ನು ಕೆಳಗಿಟ್ಟಿದ್ದೇನೆ. ಇನ್ನು ಹೇಳಬೇಕಾದವನು ಅವನು.