ಚಕ್ಕೆ ತೆಗೆದವರು ಯಾರು?

ಹುಷಾರಾದ ಮೇಲೆ ಮಾತ್ರೆ ಯಾರಿಗೆ ಬೇಕು ಹೇಳಿ? ಟೈಲರ್ ಮಾವನ ವಾದವೂ ಇದೇ. ರಕ್ತದ ಕ್ಯಾನ್ಸರ್ ಬಂದು ಎರಡು ವರ್ಷ. ದಿನಕ್ಕೊಂದು ಮಾತ್ರೆ ನುಂಗಿ ಕಲ್ಲುಗುಂಡಿನ ಹಾಗಾಗಿದ್ದ. ಈಗ ಐದು ದಿನದಿಂದ ಡಬ್ಬಿ ಮುಟ್ಟಿರಲಿಲ್ಲ.

ಅವನ ತಂಗಿಯ ಮಗಳು ಆಸ್ಪತ್ರೆಯಲ್ಲಿ ನರ್ಸು. ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಒಯ್ಯಲು ಬಂದವಳು ಡಬ್ಬಿ ಅಲ್ಲಾಡಿಸಿ ನೋಡಿದಳು.

"ಮಾವ, ಇಷ್ಟೊಂದು ಮಾತ್ರೆ ಹೇಗೆ ಉಳೀತು?"

"ಗಟ್ಟಿಮುಟ್ಟಾಗಿದೀನಲ್ಲೇ! ಸುಮ್ಮನೆ ಯಾಕೆ ನುಂಗೋದು? ಕೂತ್ಕೋ, ತೋಳಿಗೆ ಒಂದು ಹೊಲಿಗೆ ಬಾಕಿ."

ಮಾವ ಕರೆಂಟ್ ಮೆಷಿನ್ನಿನ ಪೆಡಲ್ ಒತ್ತಿದ. ಹೊಲಿಗೆ ಮುಗಿಯಿತು, ಕಾಲು ತೆಗೆದ. ಮೆಷಿನ್ ನಿಲ್ಲಬೇಕಲ್ಲ! ಟರ್ರ್ ಅಂತ ಓಡಿ ತೋಳಿನ ಬಾಯನ್ನೇ ಹೊಲಿದುಬಿಟ್ಟಿತು. ಮಾವ ಎದ್ದೆನೋ ಬಿದ್ದೆನೋ ಅಂತ ಓಡಿ ಪ್ಲಗ್ ಕಿತ್ತ.

"ಅಯ್ಯಯ್ಯೋ! ಪೆಡಲ್ ಅಡಿ ಇದ್ದ ಮರದ ಚಕ್ಕೆ ತೆಗೆದವರು ಯಾರು?"

"ನಾನೇ," ಅಂದಳು ಕಸ ಗುಡಿಸುತ್ತಿದ್ದ ಅತ್ತೆ. "ಮೆಷಿನ್ ಚೆನ್ನಾಗೇ ಓಡ್ತಿತ್ತು. ಚಕ್ಕೆ ಇನ್ಯಾಕೆ ಅಂತ ಎಸೆದೆ."

"ಚೆನ್ನಾಗಿ ಓಡ್ತಿದ್ದದ್ದೇ ಚಕ್ಕೆ ಇದ್ದದ್ದಕ್ಕೆ ಕಣೇ! ಸ್ಪ್ರಿಂಗ್ ಸಡಿಲಾಗಿದೆ. ಚಕ್ಕೆ ಇಲ್ಲದಿದ್ರೆ ಒತ್ತಿದ ಪೆಡಲ್ ಪೂರ್ತಿ ಕೆಳಗಿಳಿದು ಸಿಕ್ಕಿಹಾಕ್ಕೊಳ್ಳುತ್ತೆ, ಮೇಲೇಳಲ್ಲ!"

ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇನ್ನೊಂದ್ಸಲ ಹೇಳಿ ಮಾವ, ನಿಮ್ಮ ಕಿವಿಗೂ ಬೀಳಲಿ!"

"ಏನು ಹಾಗಂದ್ರೆ?"

"ನಮ್ಮ ಜೀವಕೋಶದೊಳಗೆ ಕೆಲವು ಕಿಣ್ವಗಳಿರ್ತವೆ, ಎನ್ಜೈಮ್ ಅಂತಾರಲ್ಲ, ಅವು. 'ಬೆಳಿ', 'ಸಾಕು' ಅಂತ ಸುದ್ದಿ ಮುಟ್ಟಿಸೋದು ಅವುಗಳ ಕೆಲಸ. ನಿಮ್ಮ ಕಾಯಿಲೆಯಲ್ಲಿ ಒಂದು ಕಿಣ್ವ ಈ ಪೆಡಲ್ ಹಾಗೇ ಸಿಕ್ಕಿಹಾಕ್ಕೊಂಡಿದೆ. 'ಬೆಳಿ, ಬೆಳಿ' ಅಂತ ಒಂದೇ ಸಮನೆ ಹೇಳುತ್ತೆ. ಅದರ ಬಾಯಿ ಕಟ್ಟೋ ಚಕ್ಕೆನೇ ನಿಮ್ಮ ಮಾತ್ರೆ."

ಮಾವ ಗಬಕ್ಕನೆ ಡಬ್ಬಿ ಎತ್ತಿಕೊಂಡ. "ಹಾಗಾದ್ರೆ ಐದು ದಿನದಿಂದ ಒಳಗೆ ಹೊಲಿಗೆ ನಡೀತಿದೆಯಾ?"

"ರಕ್ತ ಪರೀಕ್ಷೆ ಮಾಡಿಸಿದ್ರೇ ಗೊತ್ತಾಗೋದು. ಬಿಟ್ಟದ್ದನ್ನೆಲ್ಲ ಒಟ್ಟಿಗೆ ನುಂಗೀರಿ, ಹುಷಾರ್! ಮೊದಲು ಡಾಕ್ಟರಿಗೆ ಫೋನ್ ಮಾಡೋಣ."

ಡಾಕ್ಟರು ಬೈದರು, ಪರೀಕ್ಷೆ ಮಾಡಿಸಿದರು, ಅಂದೇ ಮತ್ತೆ ಮಾತ್ರೆ ಶುರು ಮಾಡಿಸಿದರು. ಫಲಿತಾಂಶ ಬರುವವರೆಗೆ ಮಾವನಿಗೆ ಅನ್ನ ಸೇರಲಿಲ್ಲ. ಬಂತು ನೋಡಿ, ಕಾಯಿಲೆ ಹತೋಟಿಯಲ್ಲೇ ಇತ್ತು! ಮಾವ ಅಂಗಡಿಯಲ್ಲೇ ಕುಣಿದ, ಕೋಟಿನ ತೋಳು ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟ. ಈಗ ಮಾತ್ರೆ ಡಬ್ಬಿ ಮೆಷಿನ್ ಮೇಲೇ ಇರುತ್ತದೆ. ಅದರ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ 'ಚಕ್ಕೆ' ಅಂತ ಬರೆದಿದ್ದಾನೆ.

"ನಾನು ಆವತ್ತು ಎಸೆದದ್ದಕ್ಕೇ ನಿಮಗೆ ಬುದ್ಧಿ ಬಂದದ್ದು," ಅಂತ ಅತ್ತೆಗೆ ಒಂದೇ ಜಂಬ.

ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಕ್ಯಾನ್ಸರಿಗೂ ಒಂದೇ ಮದ್ದಲ್ಲ. ಯಾವ ಮಾತ್ರೆ, ಎಷ್ಟು ದಿನ ಅನ್ನೋದನ್ನ ಡಾಕ್ಟರು ಪರೀಕ್ಷೆ ನೋಡಿ ಹೇಳಲಿ. ನಿಮ್ಮ ಮನೆಯ ಡಬ್ಬಿಯನ್ನೂ ಇವತ್ತು ಒಮ್ಮೆ ಅಲ್ಲಾಡಿಸಿ ನೋಡಿ. ಚೆನ್ನಾಗಿದ್ದೀವಿ ಅಂತ ಚಕ್ಕೆ ಕೀಳಬೇಡಿ!